ಸಹಾಯ ಬೇಕು: 200 ಲೀಟರ್ ಉಪ್ಪುನೀರಿನ ಟ್ಯಾಂಕಿಗೆ ಎಷ್ಟು ದೊಡ್ಡ ಸ್ಕಿಮ್ಮರ್?

ನಮಸ್ಕಾರ. ತಲೆ ಕೆಟ್ಟುಹೋಗಿದೆ, ಗೊತ್ತಿರೋರು ದಾರಿ ತೋರ್ಸಿ.

ಟ್ಯಾಂಕ್ 200 ಲೀಟರ್, ಕೆಳಗೆ ಸಂಪ್ (ಟ್ಯಾಂಕಿನ ನೀರು ಹಾದು ಬರೋ ಇನ್ನೊಂದು ಚಿಕ್ಕ ತೊಟ್ಟಿ) ಇದೆ. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ನಾಲ್ಕೈದು ಸಾಫ್ಟ್ ಕೋರಲ್ (ಮೆದು ಹವಳ), ಅಷ್ಟೇ. ಉಪ್ಪಿನಂಶ 1.025ರಲ್ಲಿ ಸರಿಯಾಗೇ ಇದೆ. ಮೀನಿನ ಕೊಳೆಯಿಂದ ಬರೋ ನೈಟ್ರೇಟ್ ಮಾತ್ರ 40 ಪಿಪಿಎಂ ಬಿಟ್ಟು ಕೆಳಗಿಳೀತಿಲ್ಲ. (ಮಗ ಕದ್ದು ಕದ್ದು ಆಹಾರ ಹಾಕ್ತಿದ್ದ, ಅದನ್ನ ನಿಲ್ಲಿಸಿದ್ದಾಯ್ತು.)

ದೊಡ್ಡದಿದ್ರೆ ಒಳ್ಳೇದು ಅಂತ, ಡಬ್ಬದ ಮೇಲೆ '600 ಲೀಟರ್‌ವರೆಗೆ' ಅಂತಿದ್ದ ಸ್ಕಿಮ್ಮರ್ (ಗಾಳಿ ಗುಳ್ಳೆಯಿಂದ ನೀರಿನ ಕೊಳೆಯನ್ನ ನೊರೆ ಮಾಡಿ, ಕುತ್ತಿಗೆ ಮೂಲಕ ಮೇಲಿನ ಕಪ್ಪಿಗೆ ತಳ್ಳೋ ಸಾಧನ) ತಂದೆ. ನೊರೆ ಕುತ್ತಿಗೆ ತನಕ ಏರತ್ತೆ, ಅಲ್ಲೇ ಗುಳ್ಳೆ ಒಡೆದು ವಾಪಸ್ ಜಾರತ್ತೆ. ಕಪ್ಪಿನಲ್ಲಿ ವಾರಕ್ಕೊಮ್ಮೆ ನೋಡಿದ್ರೂ ತೆಳು ಟೀ ಬಣ್ಣದ ನೀರು ಒಂದು ಬೆರಳಷ್ಟು. ಹೊಸದು, ಪಳಗಲಿ ಅಂತ ಎರಡು ತಿಂಗಳು ಕಾದೆ. ಪಂಪ್ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ ತೊಳೆದೆ. ಕೆಳಗೆ ಟೈಲ್ಸ್ ತುಂಡು ಇಟ್ಟು ನೀರಿನ ಆಳ 22 ಸೆಂ.ಮೀ.ನಿಂದ 18ಕ್ಕೆ ತಂದೆ. ವಾಲ್ವ್ ತಿರುಗಿಸಿದ್ದಕ್ಕಂತೂ ಲೆಕ್ಕವೇ ಇಲ್ಲ. ಸ್ವಲ್ಪ ಜಾಸ್ತಿಯಾದ್ರೆ ರಾತ್ರೋರಾತ್ರಿ ಕಪ್ ತುಂಬಿ ಚೆಲ್ಲತ್ತೆ.

ಈಗ ಗೊಂದಲ ಇದು. ಒಬ್ಬರು, ಮೂರು ಮೀನಿನ ಕೊಳೆಗೆ ಅಷ್ಟು ಅಗಲದ ಕುತ್ತಿಗೆಯಲ್ಲಿ ನೊರೆ ನಿಲ್ಲಲ್ಲ, ಚಿಕ್ಕದು ತಗೊಳ್ಳಿ ಅಂತಾರೆ. ಇನ್ನೊಬ್ಬರು, ಡಬ್ಬದ ಮೇಲಿನ ಲೆಕ್ಕವನ್ನ ಯಾವಾಗಲೂ ಅರ್ಧ ಮಾಡ್ಕೋಬೇಕು, ಇದೇ ಸರಿ ಅಂತಾರೆ. ಎರಡೂ ನಿಜ ಅನ್ಸತ್ತೆ!

ಇಷ್ಟು ಕಮ್ಮಿ ಮೀನಿರುವ 200 ಲೀಟರಿಗೆ ಇದನ್ನೇ ಇಟ್ಕೊಳ್ಳಲಾ, 300 ಲೀಟರಿನ ಚಿಕ್ಕದಕ್ಕೆ ಹೋಗಲಾ? ಆರಿಸುವಾಗ ಲೀಟರ್ ಬಿಟ್ಟು ಕುತ್ತಿಗೆಯ ಅಗಲ ನೋಡ್ಬೇಕಾ, ಪಂಪ್ ಗಂಟೆಗೆ ಎಳೆಯುವ ಗಾಳಿ ನೋಡ್ಬೇಕಾ?