55 ದಾಟಿದ್ರೆ ಜೀಪು ನಡುಗ್ತದೆ, ಟಯರಾ ಶಾಫ್ಟಾ ಗೊತ್ತಾಗುದಿಲ್ಲ

ಪೆರ್ಲದ ಜೀಪು:
ಎಲ್ಲರಿಗೂ ನಮಸ್ಕಾರ. ಮಂಡೆಬಿಸಿ ಆಗಿ ಬರೀತಾ ಇದ್ದೇನೆ. ನಂದು ಹಳೇ ಡೀಸೆಲ್ ಜೀಪು, ಫೋರ್ ವೀಲ್, ಹಿಂದೆ ಮುಂದೆ ಎರಡೂ ಲೀಫ್ ಸ್ಪ್ರಿಂಗು, ಮುಂದಿನ ಚಕ್ರಕ್ಕೆ ಕೈಯಲ್ಲಿ ಲಾಕ್ ಮಾಡುವ ಹಬ್ಬು. ತೋಟಕ್ಕೆ ಗೊಬ್ಬರ ಸಾಗಿಸ್ಲಿಕ್ಕೆ ಮತ್ತೆ ಮಳೆಗಾಲ ಮುಗಿದ ಮೇಲೆ ಪೊಸಡಿ ಗುಂಪೆ ಗುಡ್ಡದ ಕಡೆ ಒಂದು ಸುತ್ತು ಹೋಗ್ಲಿಕ್ಕೆ ಇಟ್ಕೊಂಡದ್ದು. ಮೇ ತಿಂಗಳಲ್ಲಿ ಒಟ್ಟಿಗೇ ನಾಲ್ಕು ಕೆಲಸ ಮಾಡಿಸಿದೆ, ಹೊಸ ಟಯರ್ (215/75 ಆರ್ 15), ಹಿಂದೆ 2 ಇಂಚು ಉದ್ದದ ಶ್ಯಾಕಲ್ (ಸ್ಪ್ರಿಂಗಿನ ತುದಿ ಚಾಸಿಗೆ ನೇತು ಹಾಕುವ ಪಟ್ಟಿ), ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ (ಹಿಂದಿನ ಚಕ್ರಕ್ಕೆ ಬಲ ಕೊಂಡೊಯ್ಯುವ ಉದ್ದದ ಕೊಳವೆ) ಎರಡೂ ತುದಿಯ ಮಡಚುವ ಜಾಯಿಂಟು, ಅಂದ್ರೆ ಕ್ರಾಸ್, ಮತ್ತೆ ಮಳೆಗೆ ಮೊದಲು ಅಡಿಗೆ ಕಪ್ಪು ಕೋಟಿಂಗ್.

ಬದಿಯಡ್ಕ ಪೆರ್ಲ ರೋಡಲ್ಲಿ ನಾನು 50 ದಾಟುದೇ ಕಮ್ಮಿ, ಹಾಗಾಗಿ ಗೊತ್ತೇ ಆಗ್ಲಿಲ್ಲ. ಮೊನ್ನೆ ಕುಂಬಳೆಯಲ್ಲಿ ಆರು ಲೇನಿನ ಹೈವೇಗೆ ಹತ್ತಿ ಮಂಗ್ಳೂರಿಗೆ ಹೊರಟದ್ದು, 55ಕ್ಕೆ ನಡುಕ ಶುರು, 65ಕ್ಕೆ ಸೀಟಿನಡಿಯಲ್ಲಿ ಅಡಿಕೆ ಸುಲಿಯುವ ಮೆಷಿನ್ ಇಟ್ಟ ಹಾಗೆ, 85ಕ್ಕೆ ಹೋದ್ರೆ ಚೂರು ಕಮ್ಮಿ. ಸ್ಟೇರಿಂಗ್ ಮಾತ್ರ ಕಲ್ಲಿನ ಹಾಗೆ ನಿಂತಿರ್ತದೆ. ಟಯರ್ ಬ್ಯಾಲೆನ್ಸ್ ಎರಡು ಸಲ ಮಾಡಿಸಿ ಆಯ್ತು. ಮೆಕ್ಯಾನಿಕ್ "ಎಂದೋ ಒರು ವಿರಯಲ್" (ಎಂತದೋ ಒಂದು ನಡುಕ) ಅಂತ ಅವನೂ ಒಪ್ಪಿದ, ಆದ್ರೆ ಶಾಫ್ಟ್ ಹೊಸತೇ ಹಾಕುವ ಅಂತಾನೆ. ಹಾಕ್ಬೇಕಾ?

ಕುಂಬಳೆ ಕರಾವಳಿ:
ರಿಮ್ಮಿನ ಒಳಮೈ ನೋಡಿದ್ರಾ? ನಮ್ಮ ಕೆಂಪು ಮಣ್ಣು ಒಣಗಿ ಅಂಟಿದ್ರೆ ಎಷ್ಟು ಬ್ಯಾಲೆನ್ಸ್ ಮಾಡಿದ್ರೂ ದಂಡ. ನನಗೆ ಅದೇ ಆಗಿತ್ತು, ತೊಳೆದದ್ದೇ ಸರಿಯಾಯ್ತು.

ಪೆರ್ಲದ ಜೀಪು:
ತೊಳೆದಾಯ್ತು ಅಣ್ಣ, ಪ್ರೆಶರ್ ಹಾಕಿ.

ಗ್ರೀಸ್‌ಗನ್:
ದಯಮಾಡಿ ಈಗ್ಲೇ ಶಾಫ್ಟ್ ತೆಗೊಳ್ಬೇಡಿ. ಮೊದಲು ಯಾವ ಸಾಮಾನು ನಡುಗ್ತಾ ಉಂಟು ಅಂತ ಲೆಕ್ಕ ಹಾಕುವ. ನಿಮ್ಮ ಟಯರಿನ ಸುತ್ತಳತೆ ಹತ್ತಿರತ್ತಿರ 2.2 ಮೀಟರ್, 65ರಲ್ಲಿ ಗಾಡಿ ಸೆಕೆಂಡಿಗೆ 18 ಮೀಟರ್ ಹೋಗ್ತದೆ, ಅಂದ್ರೆ ಚಕ್ರ ಸೆಕೆಂಡಿಗೆ 8 ಸುತ್ತು. ಹೌಸಿಂಗಿನ (ಹಿಂದಿನ ಆಕ್ಸಲಿನ ಗೇರ್ ಇರುವ ಡಬ್ಬ) ರೇಶಿಯೋ 4.88, ಅಂದ್ರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 4.88 ಸುತ್ತು ಅಂತ ಇಟ್ಕೊಂಡ್ರೆ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ 40 ಸುತ್ತು. ಟಯರಿನ ನಡುಕ ಆದ್ರೆ ಮೈ ತೊನೆದ ಹಾಗೆ ಆಗ್ತದೆ, ಶಾಫ್ಟಿಂದಾದ್ರೆ ಗುಂಯ್ ಅಂತ ಕಾಲಿನಡಿ ಜುಮ್ಮೆನ್ನುದು. ಸೀಟಿನಡಿ ಸುಲಿಯುವ ಮೆಷಿನ್ ಅಂತ ನೀವೇ ಬರೆದಿದ್ದೀರಿ, ಸ್ಟೇರಿಂಗ್ ಬೇರೆ ಸುಮ್ಮನೆ ಉಂಟು. ನನಗೆ ಟಯರ್ ಅಲ್ಲ ಅಂತ ಕಾಣ್ತದೆ.

ಇನ್ನು ರೋಡು ಖಾಲಿ ಇರುವಾಗ ಮೂರು ಟೆಸ್ಟ್ ಮಾಡಿ. 70ಕ್ಕೆ ಏರಿಸಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಗಾಡಿಯನ್ನು ಅದರಷ್ಟಕ್ಕೆ ಬಿಡಿ, ಕೀ ಮಾತ್ರ ಆಫ್ ಮಾಡ್ಲೇಬೇಡಿ, ಬ್ರೇಕಿನ ಬೂಸ್ಟರ್ ಹೋಗ್ತದೆ, ಸ್ಟೇರಿಂಗ್ ಲಾಕ್ ಆದ್ರೆ ಕಥೆ ಮುಗೀತು. ಎಂಜಿನ್ ಐಡಲಿಗೆ ಇಳಿದ ಮೇಲೂ ನಡುಕ ಇದ್ರೆ ಎಂಜಿನ್, ಕ್ಲಚ್, ಮೌಂಟ್ ಎಲ್ಲ ಲಿಸ್ಟಿಂದ ಹೊರಗೆ. ಎರಡನೇದು, ನಿಂತಲ್ಲೇ ಎಕ್ಸಲೇಟರ್ ಒತ್ತಿ ಅದೇ ಆರ್‌ಪಿಎಮ್ಮಿಗೆ ತಂದು ನೋಡುದು. ಮೂರನೇದು ಮುಂದಿನ ಹಬ್ ಫ್ರೀ ಮಾಡಿ ಓಡಿಸಿ, ಯಾಕಂದ್ರೆ ಹಬ್ ಲಾಕಲ್ಲಿದ್ರೆ ಟೂ ವೀಲಲ್ಲಿ ಹೋಗುವಾಗ್ಲೂ ಮುಂದಿನ ಶಾಫ್ಟ್ ಚಕ್ರದಿಂದಾಗಿ ತಿರುಗ್ತಾನೇ ಇರ್ತದೆ. ಒಣ ಟಾರ್ ರೋಡಲ್ಲಿ ಫೋರ್ ವೀಲ್ ಹಾಕಿ ಮಾತ್ರ ಟೆಸ್ಟ್ ಮಾಡುದು ಬೇಡ, ನಡುವೆ ಡಿಫರೆನ್ಷಿಯಲ್ ಇಲ್ಲದ ಗಾಡಿ, ತಿರುವಲ್ಲಿ ಕುಪ್ಪಳಿಸ್ತದೆ, ಅದನ್ನೇ ನೀವು ಹೊಸ ರೋಗ ಅಂತ ಬರೀತೀರಿ.

ಮುಳ್ಳೇರಿಯದವ:
ಶ್ಯಾಕಲ್ ಉದ್ದ ಮಾಡಿದ್ದೇ ತಪ್ಪು. ತೆಗೆದು ಬಿಸಾಡಿ. 2 ಇಂಚು ಉದ್ದ ಮಾಡಿದ್ರೆ ಗಾಡಿ ಏರುದು ಒಂದೇ ಇಂಚು, ಅದಕ್ಕೆ ಇಷ್ಟೆಲ್ಲ ಗೌಜಿ ಯಾಕೆ ಮಾರಾಯ್ರೆ.

ಪೆರ್ಲದ ಜೀಪು:
ಮಳೆಗಾಲದಲ್ಲಿ ತೋಟದ ಓಣಿಗೆ ಬನ್ನಿ, ಆ ಒಂದು ಇಂಚು ಯಾಕೆ ಅಂತ ಗೊತ್ತಾಗ್ತದೆ 😄

ಟೆಸ್ಟ್ ಮಾಡಿದೆ. ನ್ಯೂಟ್ರಲಲ್ಲಿ ನಡುಕ ಹೋಗುದಿಲ್ಲ, ಚೂರು ಕಮ್ಮಿ ಆಗ್ತದೆ ಅಷ್ಟೆ. ನಿಂತಲ್ಲಿ ಎಷ್ಟು ಒತ್ತಿದ್ರೂ ಎಂತದೂ ಇಲ್ಲ. ಹಬ್ ಫ್ರೀ ಮಾಡಿದ್ರೂ ಲಾಕ್ ಮಾಡಿದ್ರೂ ಒಂದೇ.

ಗ್ರೀಸ್‌ಗನ್:
ಹಾಗಾದ್ರೆ ಹಿಂದಿನ ಶಾಫ್ಟೇ, ಅಥವಾ ಅದರ ಆಚೆ ಪಿನಿಯನ್ (ಶಾಫ್ಟಿಂದ ಬಲ ತೆಗೊಳ್ಳುವ ಹೌಸಿಂಗಿನ ಸಣ್ಣ ಗೇರು) ಬೇರಿಂಗು. ಶ್ಯಾಕಲಿಗೆ ಬೈಯುವ ಮೊದಲು ಅಡಿಗೆ ಹೋಗಿ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ ಶಾಫ್ಟ್ ಹಿಡಿದು ತಿರುಚಿ ನೋಡಿ, ಕ್ರಾಸಲ್ಲಿ ಕಟ್ ಕಟ್ ಅಂತ ಆಟ ಉಂಟಾ, ಕ್ಯಾಪಿನ ಬುಡದಲ್ಲಿ ಕೆಂಪು ತುಕ್ಕಿನ ಪುಡಿ ಉಂಟಾ (ಇದ್ರೆ ಒಳಗೆ ನೀಡಲ್ ಬೇರಿಂಗ್ ಒಣಗಿದೆ ಅಂತ). ಪಿನಿಯನ್ ಫ್ಲೇಂಜ್ (ಶಾಫ್ಟ್ ಬೋಲ್ಟ್ ಆಗುವ ತಟ್ಟೆ) ಮೇಲೆ ಕೆಳಗೆ ಆಡಿಸಿ ನೋಡಿ, ಅಲ್ಲಿ ಚೂರೂ ಲೂಸ್ ಇರ್ಲಿಕ್ಕಿಲ್ಲ. ಶಾಫ್ಟಿಗೆ ಎಲ್ಲಾದ್ರೂ ಕಲ್ಲು ತಾಗಿ ನೆಗ್ಗಿದ್ದುಂಟಾ, ವೆಲ್ಡ್ ಮಾಡಿದ ಬ್ಯಾಲೆನ್ಸ್ ತುಂಡು ಹಾರಿದ್ದುಂಟಾ ಅದೂ ನೋಡಿ. ಮತ್ತೆ ಆ ಕಪ್ಪು ಕೋಟಿಂಗ್ ಶಾಫ್ಟಿನ ಮೇಲೂ ಹೊಡ್ದಿದ್ದಾರಾ? ಒಂದೇ ಬದಿಗೆ ದಪ್ಪ ಕೂತ್ರೆ ಅದೇ ಸಾಕು ಬ್ಯಾಲೆನ್ಸ್ ಕೆಡ್ಲಿಕ್ಕೆ.

ಇದೆಲ್ಲದಕ್ಕಿಂತ ದೊಡ್ಡದು ಒಂದುಂಟು. ಶಾಫ್ಟಿನ ಎರಡೂ ತುದಿಯ ಯೋಕಿನ (ಕ್ರಾಸ್ ಹಿಡಿಯುವ ಕವೆ) ಕಿವಿಗಳು ಒಂದೇ ಸಾಲಲ್ಲಿ ಉಂಟಾ? ಕ್ರಾಸ್ ಹಾಕುವಾಗ ಸ್ಪ್ಲೈನ್ (ಶಾಫ್ಟಿನ ನಡುವಿನ ಹಲ್ಲಿನ ಜೋಡಣೆ) ಎಳೆದು ಎರಡು ತುಂಡು ಮಾಡಿರ್ತಾರೆ, ಪುನಃ ಸೇರಿಸುವಾಗ ಒಂದೆರಡು ಹಲ್ಲು ತಪ್ಪಿದ್ರೆ ಮುಗೀತು. ಕ್ರಾಸ್ ಓರೆಯಲ್ಲಿ ತಿರುಗುವಾಗ ಶಾಫ್ಟ್ ಒಂದು ಸುತ್ತಿಗೆ ಎರಡು ಸಲ ಜೋರಾಗಿ ಎರಡು ಸಲ ನಿಧಾನ ಆಗ್ತದೆ, ಆಚೆ ತುದಿಯ ಕ್ರಾಸ್ ಅದನ್ನು ಸರಿ ಮಾಡ್ತದೆ, ಕಿವಿ ಸಾಲಲ್ಲಿ ಇದ್ರೆ ಮಾತ್ರ. ತಪ್ಪಿದ್ರೆ ಸೆಕೆಂಡಿಗೆ 80 ಸಲ ಗುದ್ದು.

ಪೆರ್ಲದ ಜೀಪು:
ಅಣ್ಣ ನಿಮ್ಮ ಕಾಲಿಗೆ ಬೀಳ್ಬೇಕು. ಅಂಗಳದಲ್ಲಿ ಗೋಣಿ ಹಾಸಿ ಮೊಬೈಲಿನ ಟಾರ್ಚ್ ಹಿಡ್ಕೊಂಡು ಅಡಿಗೆ ಹೋದೆ. ಆಟ ಇಲ್ಲ, ತುಕ್ಕು ಇಲ್ಲ, ಪಿನಿಯನ್ ಗಟ್ಟಿ. ಆದ್ರೆ ಮುಂದಿನ ಕಿವಿ ಸಮಾ ಅಡ್ಡಕ್ಕೆ ತಿರುಗಿಸಿ ಇಟ್ಟು ಹಿಂದೆ ನೋಡಿದ್ರೆ ಅದು ಓರೆಗೆ ನಿಂತಿದೆ! ಸೀಮೆಎಣ್ಣೆ ಬಟ್ಟೆಯಲ್ಲಿ ಕೋಟಿಂಗ್ ಉಜ್ಜಿ ತೆಗೆದೆ, ಅಡಿಯಲ್ಲಿ ಬಾಣದ ಗುರ್ತ ಎರಡುಂಟು, ಒಂದು ಆಕಾಶ ನೋಡ್ತದೆ ಇನ್ನೊಂದು ಗೋಡೆ ನೋಡ್ತದೆ. ಅವರದ್ದು ತಪ್ಪು ಅಂತ ಹೇಳ್ಲಿಕ್ಕೂ ಬಾಯಿ ಬರುದಿಲ್ಲ, ಆ ದಿನ ಬೇಗ ಕೊಡಿ ಬೇಗ ಕೊಡಿ ಅಂತ ತಲೆ ತಿಂದದ್ದು ನಾನೇ.

ಶಾಫ್ಟ್ ಇಳಿಸಿ ಬಾಣಕ್ಕೆ ಬಾಣ ಸೇರಿಸಿ ಗ್ರೀಸ್ ಹೊಡೆದು ಹಾಕಿದೆ. ಮುಕ್ಕಾಲು ಪಾಲು ಹೋಯ್ತು. ಈಗ 75ರಲ್ಲಿ ಎಕ್ಸಲೇಟರ್ ಒತ್ತಿದ್ರೆ ಸಣ್ಣಕ್ಕೆ ಗುಂಯ್, ಕಾಲು ತೆಗೆದ್ರೆ ಇಲ್ಲ.

ಗ್ರೀಸ್‌ಗನ್:
ಈಗ ಮುಳ್ಳೇರಿಯದವರು ಹೇಳಿದ್ದಕ್ಕೆ ಬರುವ, ಇದು ಶ್ಯಾಕಲಿನ ಪಾಲು. ಹಿಂದಿನ ಶ್ಯಾಕಲ್ ಉದ್ದ ಆದ್ರೆ ಹೌಸಿಂಗ್ ಹೊರಳಿ ಪಿನಿಯನಿನ ಮೂಗು ಮೇಲೆ ನೋಡ್ತದೆ, ಎಕ್ಸಲೇಟರ್ ಒತ್ತುವಾಗ ಸ್ಪ್ರಿಂಗ್ ತಿರುಚಿ ಇನ್ನೂ ಮೇಲೆ. ಎರಡು ಕ್ರಾಸಿನ ಶಾಫ್ಟಿಗೆ ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಹಿಂದೆ ಮುಂದೆ ಹಂಚುವ ಗೇರ್ ಡಬ್ಬ) ಫ್ಲೇಂಜು, ಪಿನಿಯನ್ ಫ್ಲೇಂಜು ಎರಡೂ ಸಮಾನಾಂತರ ಇರ್ಬೇಕು, ಫರಕು 1 ಡಿಗ್ರಿಯ ಒಳಗೆ. ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಸಮತಟ್ಟು ಇದ್ರೆ ಅಲ್ಲೇ ಅಳೆಯಿರಿ, ಮೊಬೈಲಿನ ಲೆವೆಲ್ ಸಾಕು. ಜ್ಯಾಕ್ ಕೊಟ್ಟು ಹೌಸಿಂಗ್ ನೇತಾಡಿಸಿ ಅಳೆದ್ರೆ ಲೆಕ್ಕ ಸುಳ್ಳು, ಗಾಡಿ ಚಕ್ರದ ಮೇಲೆ ನಿಂತಿರ್ಬೇಕು.

ಪೆರ್ಲದ ಜೀಪು:
ಟ್ರಾನ್ಸ್‌ಫರ್ ಕೇಸಿಂದು 4, ಪಿನಿಯನಿಂದು 6.5.

ಗ್ರೀಸ್‌ಗನ್:
ಫರಕು ಎರಡೂವರೆ. ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ 2 ಡಿಗ್ರಿಯ ಬೆಣೆ ಹಾಕಿ, ಪಿನಿಯನಿನ ಮೂಗು ಕೆಳಗೆ ಬರುವ ಹಾಗೆ. ದಪ್ಪ ಬದಿ ಯಾವ ಕಡೆ ಅಂತ ನಿಮ್ಮ ಸ್ಪ್ರಿಂಗು ಹೌಸಿಂಗಿನ ಮೇಲುಂಟಾ ಕೆಳಗುಂಟಾ ನೋಡಿ ನಿಶ್ಚಯ ಮಾಡಿ, ಹಾಕಿ ಇಳಿಸಿದ ಮೇಲೆ ಪುನಃ ಅಳೆಯಿರಿ. ಉಕ್ಕಿಂದೇ ತೆಗೊಳ್ಳಿ, ಅಲ್ಯುಮಿನಿಯಮಿಂದು ಗೊಬ್ಬರ ಹೊರುವ ಗಾಡಿಗೆ ಬೇಡ. ಮುಂದೆ ಯಾವತ್ತಾದ್ರೂ ಟ್ರಾನ್ಸ್‌ಫರ್ ಬದಿಯ ಒಂದೇ ತುದಿಯಲ್ಲಿ ಎರಡು ಕ್ರಾಸ್ ಒಟ್ಟಿಗೆ ಇರುವ ಶಾಫ್ಟ್ ಹಾಕಿದ್ರೆ ಈ ಲೆಕ್ಕ ನಡೀಲಿಕ್ಕಿಲ್ಲ, ಅದರಲ್ಲಿ ಪಿನಿಯನ್ ನೇರ ಶಾಫ್ಟನ್ನೇ ನೋಡ್ಬೇಕು.

ಪೆರ್ಲದ ಜೀಪು:
ಬೆಣೆ ಹಾಕಿ ನಿನ್ನೆ ತಲಪಾಡಿವರೆಗೆ ಹೋಗಿ ಬಂದೆ. 80ರಲ್ಲಿ ಹೆಂಡ್ತಿ ಒರಗಿ ನಿದ್ದೆ ಮಾಡಿದ್ಳು, ಈ ಜೀಪಲ್ಲಿ ಇದೇ ಮೊದಲು. ಅಳೆದ್ರೆ ಅರ್ಧ ಡಿಗ್ರಿ ಫರಕು ಉಂಟು, ಇರ್ಲಿ.

ಗ್ರೀಸ್‌ಗನ್:
ಇರ್ಲಿ. ಸ್ಪ್ರಿಂಗನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ 500 ಕಿಲೋಮೀಟರ್ ಆದ ಮೇಲೆ ಪುನಃ ಟೈಟ್ ಮಾಡಿ, ಬೆಣೆ ಕೂತು ಚೂರು ಸಡಿಲ ಬಿಡ್ತದೆ. ಮತ್ತೆ ಆ ಬಾಣಗಳಿಗೆ ಬಿಳಿ ಪೈಂಟ್ ಹಚ್ಚಿ ಬಿಡಿ.