ಒಂದೇ ಮಂಡಿಯ ಎಸಿಎಲ್ 5 ಸಲ ಕಟ್ಟಬೇಕಾಗಿ ಬಂದದ್ದು ಯಾಕೆ? (ಅಲೆಕ್ಸ್ ಜಾನ್ಸನ್, ಸಿಡ್ನಿ ಸ್ವಾನ್ಸ್)

ಫುಟ್ಸ್‌ಕ್ರೇ_ಫುಲ್‌ಬ್ಯಾಕ್ ಕೇಳಿದ್ದು:

ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ನೋಡುವವರಿಗೆ ಸಿಡ್ನಿ ಸ್ವಾನ್ಸ್ ಡಿಫೆಂಡರ್ ಅಲೆಕ್ಸ್ ಜಾನ್ಸನ್ ಕಥೆ ಗೊತ್ತಿರುತ್ತೆ. 2011ರಲ್ಲಿ ಮೊದಲ ಮ್ಯಾಚ್. 2012ರ ಸೆಪ್ಟೆಂಬರ್ 29ರಂದು ಹಾಥಾರ್ನ್ ವಿರುದ್ಧ ಗ್ರ್ಯಾಂಡ್ ಫೈನಲ್ ಗೆದ್ದ ತಂಡದಲ್ಲಿದ್ದ. 2013ರ ಸೀಸನ್ ಶುರುವಾಗೋ ಮೊದಲೇ ಎಡ ಮಂಡಿಯ ಎಸಿಎಲ್ (ಮಂಡಿಯ ನಡುವೆ ಎರಡು ಮೂಳೆ ಹಿಡಿದಿಡೋ ಲಿಗಮೆಂಟ್) ಹೋಯ್ತು. ಅಲ್ಲಿಂದ ಮುಂದೆ ಅದೇ ಮಂಡಿಗೆ 5 ರೀಕನ್‌ಸ್ಟ್ರಕ್ಷನ್ (ಲಿಗಮೆಂಟನ್ನು ಹೊಸದಾಗಿ ಕಟ್ಟೋ ಆಪರೇಷನ್), ನಡುವೆ ಸೋಂಕು, ಎಲ್ಲ ಸೇರಿ 12 ಆಪರೇಷನ್. ಮತ್ತೆ ಎಎಫ್‌ಎಲ್ ಆಡಿದ್ದು 2018ರ ಆಗಸ್ಟ್ 4ಕ್ಕೆ, ಕಾಲಿಂಗ್‌ವುಡ್ ವಿರುದ್ಧ. ಅದರ ಮುಂದಿನ ಮ್ಯಾಚಲ್ಲೇ, ಎಂಸಿಜಿಯಲ್ಲಿ ಮೆಲ್ಬರ್ನ್ ವಿರುದ್ಧ, ಈ ಸಲ ಬಲ ಮಂಡಿಯ ಎಸಿಎಲ್ ಹರಿಯಿತು.

ಇದನ್ನೆಲ್ಲ ಹಣೆಬರಹ ಅಂತ ಬಿಟ್ಟುಬಿಡಬಹುದಾ? ಅಥವಾ ಹೊಸದಾಗಿ ಕೂರಿಸಿದ ಗ್ರಾಫ್ಟ್ (ಹರಿದ ಲಿಗಮೆಂಟಿನ ಜಾಗಕ್ಕೆ ಹಾಕೋ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟೋ ನಾರಿನ ಪಟ್ಟಿ) ಮತ್ತೆ ಮತ್ತೆ ಕೈಕೊಡೋದಕ್ಕೆ ಕೈಬೆರಳಿಟ್ಟು ತೋರಿಸಬಹುದಾದ ಕಾರಣ ಇರುತ್ತಾ? ಇಲ್ಲಿನ ಸಬರ್ಬನ್ ಲೀಗಲ್ಲಿ ಆಡೋ ಹುಡುಗನಿಗೆ ಎರಡನೇ ಸಲ ಹರಿದರೆ ಸರ್ಜನ್ ಹತ್ತಿರ ಏನೇನು ಕೇಳಬೇಕು? "ಆಟ ಬಿಡು" ಅನ್ನೋ ಉತ್ತರ ಬೇಡ, ಅದು ಮನೆಯಲ್ಲೇ ಪುಕ್ಕಟೆ ಸಿಗುತ್ತೆ.

ಚಿಪ್ಪು_ಮತ್ತು_ಚಕ್ಕಳ:

ಜಾನ್ಸನ್ ಮಂಡಿಯೊಳಗೆ ನಡೆದದ್ದು ಅವನ ಡಾಕ್ಟರರ ಫೈಲಿಗೆ ಬಿಟ್ಟ ವಿಷಯ, ಅದನ್ನು ಊಹಿಸಿ ಬರೆಯಲ್ಲ. ಆದರೆ ಗ್ರಾಫ್ಟ್ ಎರಡನೇ ಸಲ ಹೋದಾಗ ಒಳ್ಳೆಯ ಸರ್ಜನ್ ಹೊಸ ಗ್ರಾಫ್ಟ್ ಬಗ್ಗೆ ಮಾತೇ ಎತ್ತೋದಿಲ್ಲ. ಹಳೆಯದು ಯಾಕೆ ಹೋಯ್ತು ಅಂತ ಮೊದಲು ಹುಡುಕುತ್ತಾರೆ. ಕಾರಣ ಸಿಗದೆ ಮತ್ತೊಂದು ಕಟ್ಟಿದರೆ ಅದೂ ಅದೇ ದಾರಿ ಹಿಡಿಯುತ್ತೆ.

ಮೊದಲು ನೋಡೋದು ಟನಲ್, ಅಂದರೆ ತೊಡೆಮೂಳೆಯಲ್ಲೂ ಮಂಡಿಯ ಕೆಳಗಿನ ಮೂಳೆ ಟಿಬಿಯಾದಲ್ಲೂ ಗ್ರಾಫ್ಟ್ ತೂರಿಸೋಕೆ ಕೊರೆದ ರಂಧ್ರ. ತೊಡೆಮೂಳೆಯ ರಂಧ್ರ ಕೆಲವೇ ಮಿಲಿಮೀಟರ್ ಮುಂದಕ್ಕೋ ಮೇಲಕ್ಕೋ ಸರಿದಿದ್ದರೂ ಗ್ರಾಫ್ಟ್ ನೆಟ್ಟಗೆ ನಿಂತುಬಿಡುತ್ತೆ. ಆಗ ಮಂಡಿ ಮುಂದಕ್ಕೆ ಜಾರೋದನ್ನು ಅದು ತಡೆಯುತ್ತೆ, ತಿರುಚೋದನ್ನು ತಡೆಯಲ್ಲ. ಫುಟಿಯಲ್ಲಿ (ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ) ಮಂಡಿ ಹೋಗೋದು ಹೆಚ್ಚಾಗಿ ತಿರುಚಿಯೇ: ಟ್ಯಾಕಲ್ ತಪ್ಪಿಸಿಕೊಳ್ಳೋಕೆ ಪಕ್ಕಕ್ಕೆ ಹಾರಿದಾಗ, ಇಲ್ಲವೇ ಮಾರ್ಕ್ (ಒದ್ದ ಚೆಂಡಿನ ಕ್ಯಾಚ್) ಹಿಡಿಯೋಕೆ ಎಗರಿ ಗಾಳಿಯಲ್ಲಿ ತಳ್ಳಿಸಿಕೊಂಡು ಒಂಟಿ ಕಾಲಲ್ಲಿ ಇಳಿದಾಗ.

ಪ್ರತಿ ಆಪರೇಷನ್ನಿಗೂ ಆ ರಂಧ್ರ ಅಗಲವಾಗ್ತಾ ಹೋಗುತ್ತೆ. ಎಕ್ಸ್‌ರೇಯಲ್ಲಿ ಇದು ಸರಿಯಾಗಿ ಕಾಣಲ್ಲ, ಸಿಟಿ ಸ್ಕ್ಯಾನೇ ಬೇಕು. ಅಗಲ ಸುಮಾರು 14 ಮಿಮೀ ದಾಟಿದ್ದರೆ ಕೆಲಸ ಎರಡು ಕಂತಲ್ಲಿ. ಮೊದಲ ಕಂತಲ್ಲಿ ಹಳೆ ಸ್ಕ್ರೂ ತೆಗೆದು, ಸೊಂಟದ ಮೂಳೆಯಿಂದಲೋ ದಾನದ ಮೂಳೆಯಿಂದಲೋ ಚೂರು ತಂದು ರಂಧ್ರಕ್ಕೆ ಗಿಡಿದು ತುಂಬಿಸೋದು. 4ರಿಂದ 6 ತಿಂಗಳು ಬಿಟ್ಟು, ಮೂಳೆ ಕೂಡಿದೆ ಅಂತ ಇನ್ನೊಂದು ಸಿಟಿಯಲ್ಲಿ ಖಾತ್ರಿ ಮಾಡಿಕೊಂಡು ಆಮೇಲೆ ಹೊಸ ಗ್ರಾಫ್ಟ್. ಅಲ್ಲಿಂದ 9-12 ತಿಂಗಳ ರಿಹ್ಯಾಬ್ (ವ್ಯಾಯಾಮ ಮಾಡಿ ಚೇತರಿಸಿಕೊಳ್ಳೋದು). ಹೀಗೆ ಒಂದು ಸಲ ಹರಿದದ್ದಕ್ಕೇ ಒಂದೂವರೆ ವರ್ಷದವರೆಗೆ ಕಳೆಯುತ್ತೆ. ಆರು ವರ್ಷ ಹೇಗೆ ಹೋಯ್ತು ಅಂತ ಆಶ್ಚರ್ಯಪಡುವವರು ಈ ಲೆಕ್ಕ ಹಾಕಿ ನೋಡಿ.

ಎರಡನೆಯದು ಟಿಬಿಯಾದ ಮೇಲ್ಭಾಗದ ಇಳಿಜಾರು. ಮಂಡಿಯ ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಅಳೆಯೋದು. ಅದು 12 ಡಿಗ್ರಿ ಮೀರಿದ್ದರೆ, ನಿಂತಾಗಲೆಲ್ಲ ತೊಡೆಮೂಳೆ ಹಿಂದಕ್ಕೂ ಟಿಬಿಯಾ ಮುಂದಕ್ಕೂ ಜಾರೋ ಒತ್ತಡ ಗ್ರಾಫ್ಟ್ ಮೇಲೆ ಬೀಳ್ತಾನೇ ಇರುತ್ತೆ. ಎರಡು ಸಲ ಸೋತ ಮಂಡಿಯಲ್ಲಿ ಇಷ್ಟು ಇಳಿಜಾರು ಕಂಡರೆ ಮುಂಭಾಗದಲ್ಲಿ ಮೂಳೆಯ ಒಂದು ಬೆಣೆ ಕತ್ತರಿಸಿ ತೆಗೆದು ಇಳಿಜಾರು ತಗ್ಗಿಸೋ ಆಪರೇಷನ್ ಇದೆ. ದೊಡ್ಡ ಆಪರೇಷನ್, ಮೊದಲ ಸಲ ಹರಿದವರಿಗೆ ಮಾಡೋದಲ್ಲ.

ಮೂರನೆಯದು ಗ್ರಾಫ್ಟ್ ಯಾವುದರಿಂದ ಅನ್ನೋದು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ಮಾಡಿದ್ದು 8 ಮಿಮೀಗಿಂತ ಸಣ್ಣಗಿದ್ದರೆ ಹರಿಯೋ ಸಂಭವ ಹೆಚ್ಚು. ಮಂಡಿಚಿಪ್ಪಿನ ಕೆಳಗಿನ ಟೆಂಡನ್ನಿಂದ ನಡುವಿನ 10 ಮಿಮೀ ಪಟ್ಟಿ, ಎರಡೂ ತುದಿಗೆ ಮೂಳೆ ಚೂರಿನ ಸಮೇತ ತೆಗೆದರೆ ಮೂಳೆಗೆ ಮೂಳೆ ಬೇಗ ಕಚ್ಚಿಕೊಳ್ಳುತ್ತೆ. ಅದರ ದಂಡ ಅಂದರೆ ಮಂಡಿಯೂರಿ ಕೂತಾಗ ನೋವು, ಎಷ್ಟೋ ಜನಕ್ಕೆ ಅದು ಹೋಗೋದೇ ಇಲ್ಲ. ಮಂಡಿಚಿಪ್ಪಿನ ಮೇಲಿನ ಕ್ವಾಡ್ ಟೆಂಡನ್ ಮೂರನೇ ಮೂಲ. ಎರಡು ಕಾಲಿಗೂ ಲೆಕ್ಕ ಹಾಕಿದರೆ ಸ್ವಂತ ಮೈಯಲ್ಲಿ ಒಟ್ಟು ಆರೇ ಜಾಗ. ದಾನಿಯ ಗ್ರಾಫ್ಟ್ ಸಿಗುತ್ತೆ, ಆದರೆ ಚಿಕ್ಕ ವಯಸ್ಸಿನ ಆಟಗಾರರಲ್ಲಿ ಅದು ಹೆಚ್ಚು ಹರಿಯುತ್ತೆ.

ನಾಲ್ಕನೆಯದನ್ನು ಎರಡನೇ ಸಲದವರು ಬಾಯಿಬಿಟ್ಟು ಕೇಳಲೇಬೇಕು: ಹೊರಬದಿಯ ಬಲವರ್ಧನೆ. ತೊಡೆಯ ಹೊರಬದಿಯ ಐಟಿ ಬ್ಯಾಂಡ್ ಅನ್ನೋ ನಾರುಪಟ್ಟೆಯಿಂದ 1 ಸೆಂಮೀ ಅಗಲ, ಸುಮಾರು 8 ಸೆಂಮೀ ಉದ್ದದ ಪಟ್ಟಿ ಎಬ್ಬಿಸಿ, ಹೊರಗಿನ ಲಿಗಮೆಂಟಿನ ಅಡಿಯಿಂದ ತೂರಿಸಿ ತೊಡೆಮೂಳೆಗೆ ಬಿಗಿಯೋದು. ತಿರುಚುವ ಒತ್ತಡದ ಒಂದು ಪಾಲನ್ನು ಅದು ಹೊತ್ತುಕೊಳ್ಳುತ್ತೆ. 2020ರಲ್ಲಿ ಪ್ರಕಟವಾದ, 25 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ 618 ಜನರ ಅಧ್ಯಯನದಲ್ಲಿ ಬರೀ ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಹಾಕಿಸಿಕೊಂಡವರಲ್ಲಿ ಎರಡು ವರ್ಷದೊಳಗೆ 11% ಹರಿದರೆ, ಈ ಪಟ್ಟಿಯೂ ಇದ್ದವರಲ್ಲಿ 4%.

ಸೋಂಕು ಬೇರೆಯದೇ ಜಾತಿ. ಆಪರೇಷನ್ ಆಗಿ ಒಂದೆರಡು ವಾರಕ್ಕೆ, ಇಳಿಯಬೇಕಾದ ನೋವು ಏರಿದರೆ, ಮಂಡಿ ಬಿಸಿಯಾಗಿ ಊದಿದರೆ, ಸೋಮವಾರದವರೆಗೆ ಕಾಯೋದಲ್ಲ, ಅವತ್ತೇ ಸೂಜಿ ಹಾಕಿ ನೀರು ತೆಗೆಸಿ ಕಲ್ಚರ್‌ಗೆ ಕಳಿಸಬೇಕು. ಕೀವು ಇದ್ದರೆ ಒಳಗೆಲ್ಲ ತೊಳೆಯೋದು, ಬೇಕಾದರೆ ಎರಡು ಮೂರು ಸಲ, ಜೊತೆಗೆ ವಾರಗಟ್ಟಲೆ ಆಂಟಿಬಯೋಟಿಕ್. ಗ್ರಾಫ್ಟ್ ಉಳಿದರೂ ಕಾರ್ಟಿಲೇಜ್ (ಮೂಳೆ ತುದಿಯ ನುಣುಪು ಪದರ) ತಿಂದುಹೋಗಿರಬಹುದು. ಈಗ ಬಹಳ ಕಡೆ ಗ್ರಾಫ್ಟನ್ನು ಒಳಗೆ ಕೂರಿಸೋ ಮೊದಲು ವ್ಯಾಂಕೋಮೈಸಿನ್ ಅನ್ನೋ ಆಂಟಿಬಯೋಟಿಕ್ ದ್ರಾವಣದಲ್ಲಿ, ಮಿಲಿಲೀಟರಿಗೆ 5 ಮಿಗ್ರಾಂ ಪ್ರಮಾಣದಲ್ಲಿ, ನೆನೆಸಿದ ಬಟ್ಟೆಯಲ್ಲಿ ಸುತ್ತಿಡ್ತಾರೆ. ಖರ್ಚು ಏನೇನೂ ಇಲ್ಲದ ಉಪಾಯ. ಸೋಂಕು ಗಣನೀಯವಾಗಿ ಕಡಿಮೆಯಾಗಿದೆ.

ರಕ್‌ಮನ್_ರಾಯ:

ಲೀಗ್ ನಿಯಮ ಬದಲಿಸಿದರೂ ಮಂಡಿ ಉಳಿಯುತ್ತೆ ಸ್ವಾಮಿ. 2005ರಲ್ಲಿ ಸೆಂಟರ್ ಬೌನ್ಸಿಗೆ (ಅಂಪೈರ್ ಮಧ್ಯದಲ್ಲಿ ಚೆಂಡು ಪುಟಿಸಿ ಆಟ ಶುರುಮಾಡೋದು) 10 ಮೀಟರ್ ವೃತ್ತ ತಂದರಲ್ಲ, ರಕ್‌ಮನ್‌ಗಳು (ಆ ಚೆಂಡಿಗೆ ಎಗರೋ ಆಟಗಾರರು) ದೂರದಿಂದ ಓಡಿಬಂದು ಮಂಡಿಗೆ ಮಂಡಿ ಗುದ್ದೋದು ಆಮೇಲೆ ತಾನೇ ಕಡಿಮೆ ಆಗಿದ್ದು. ಎಸಿಎಲ್‌ಗೂ ಹಾಗೇ ಏನಾದರೂ ಮಾಡಬೇಕು.

ಅರ್ಧ_ಸ್ಕ್ವಾಟ್:

ರಾಯರೇ, ಆ ವೃತ್ತ ಉಳಿಸಿದ್ದು ಪಿಸಿಎಲ್, ಮಂಡಿಯ ಹಿಂದಿನ ಲಿಗಮೆಂಟು. ಅದು ಮುಂಭಾಗಕ್ಕೆ ನೇರ ಪೆಟ್ಟು ಬಿದ್ದು ಹೋಗೋದು, ಹಾಗಾಗಿ ಓಟದ ದೂರ ಕಡಿಮೆ ಮಾಡಿದರೆ ಸಾಕಾಯ್ತು. ಎಸಿಎಲ್ ಬಹುಪಾಲು ಯಾರೂ ಮುಟ್ಟದೆಯೇ ಹೋಗುತ್ತೆ. ಯಾರೂ ಮುಟ್ಟದ್ದಕ್ಕೆ ಫ್ರೀ ಕಿಕ್ ಕೊಡೋದು ಹೇಗೆ?

ಮೂಲ ಪ್ರಶ್ನೆಗೆ ರಿಹ್ಯಾಬ್ ಕಡೆಯಿಂದ ಉತ್ತರ. ಗ್ರಾಫ್ಟ್ ಅತಿ ದುರ್ಬಲವಾಗಿರೋದು ಆಪರೇಷನ್ ದಿನ ಅಲ್ಲ, 6ರಿಂದ 12ನೇ ವಾರದಲ್ಲಿ. ಕತ್ತರಿಸಿ ತಂದ ಟೆಂಡನ್ನಿನ ಜೀವಕೋಶ ಸತ್ತು, ಹೊಸ ರಕ್ತನಾಳ ಒಳಗೆ ಬರೋ ಹೊತ್ತು ಅದು. ಫಜೀತಿ ಏನೆಂದರೆ ನೋವು ಮಾಯವಾಗಿ, ಊತ ಇಳಿದು, ಹುಡುಗ "ನಾನು ಫಿಟ್" ಅಂತ ಕುಣಿಯೋದೂ ಅದೇ ಹೊತ್ತಿಗೆ.

ಮೊದಲ ಎರಡು ವಾರಕ್ಕೆ ಒಂದೇ ಗುರಿ: ಕಾಲು ಪೂರ್ತಿ ನೆಟ್ಟಗಾಗಬೇಕು. ಮಡಚೋದು ತಾನಾಗೇ ಬರುತ್ತೆ, ನೆಟ್ಟಗಾಗೋದು ಬರಲ್ಲ. ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟು 10 ನಿಮಿಷ ಮಂಡಿ ಜೋಲುಬಿಡೋದು, ದಿನಕ್ಕೆ ನಾಲ್ಕೈದು ಸಲ. ದಿಂಬನ್ನು ಮಂಡಿಯ ಅಡಿಗೆ ಇಟ್ಟು ಮಲಗಿದರೆ ಈ ಕೆಲಸವೆಲ್ಲ ನೀರಿಗೆ. ಊತ ಇರೋವರೆಗೆ ತೊಡೆಯ ಮುಂದಿನ ಕ್ವಾಡ್ ಸ್ನಾಯುವಿಗೆ ನರ ಪೂರ್ತಿ ಆಜ್ಞೆ ಕೊಡಲ್ಲ, ಎಷ್ಟು ಭಾರ ಎತ್ತಿದರೂ ಬೆಳೆಯಲ್ಲ. ಊತ ಮೊದಲು, ಭಾರ ಆಮೇಲೆ.

ನೇರ ಓಟ 12-16ನೇ ವಾರಕ್ಕೆ, ಅದೂ ಕ್ವಾಡ್ ಬಲ ಇನ್ನೊಂದು ಕಾಲಿನ 70% ಆದರೆ ಮಾತ್ರ. ಆಮೇಲೆ ಮೊದಲೇ ಗೊತ್ತಿರೋ ತಿರುವು, ಗೊತ್ತಿಲ್ಲದ ತಿರುವು, ಎಗರಿ ಒಂಟಿ ಕಾಲಲ್ಲಿ ಇಳಿಯೋದು, ಗಾಳಿಯಲ್ಲಿರುವಾಗ ಪ್ಯಾಡಿನಿಂದ ತಳ್ಳಿಸಿಕೊಳ್ಳೋದು, ಕೊನೆಗೆ ಟ್ಯಾಕಲ್. ಬಹಳ ಜನ ಆ ತಳ್ಳಿಸಿಕೊಳ್ಳೋ ಹಂತ ಹಾರಿಸಿಬಿಡ್ತಾರೆ. ಫುಟಿ ಡಿಫೆಂಡರ್‌ಗೆ ಅದೇ ಮುಖ್ಯ, ಅವನು ದಿನಾ ಮಾಡೋದೇ ಅದು. ಮ್ಯಾಚಿಗೆ ವಾಪಸಾಗೋದು 9 ತಿಂಗಳಿಗೆ ಮುಂಚೆ ಬೇಡವೇ ಬೇಡ. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, 9 ತಿಂಗಳವರೆಗೆ ತಡಮಾಡಿದ ಒಂದೊಂದು ತಿಂಗಳಿಗೂ ಮರುಗಾಯದ ಪ್ರಮಾಣ 51% ತಗ್ಗಿತ್ತು.

ಜಾನ್ಸನ್‌ನಂಥವರ ವಿಷಯಕ್ಕೆ ಬಂದರೆ "ಇನ್ನೊಂದು ಕಾಲಿನ 90% ಬಲ ಬಂದಿದೆ" ಅನ್ನೋ ಪರೀಕ್ಷೆ ಮೋಸ ಮಾಡುತ್ತೆ. ವರ್ಷಗಟ್ಟಲೆ ಮ್ಯಾಚ್ ಇಲ್ಲದೆ ಒಳ್ಳೆಯ ಕಾಲೂ ಸೊರಗಿರುತ್ತೆ. ಸೊರಗಿದ ಎರಡು ಕಾಲು ಸಮ ಇದ್ದರೆ ಏನು ಬಂತು? ಮೈತೂಕಕ್ಕೆ ಹೋಲಿಸಿ ಅಳೀಬೇಕು: ಗಂಡು ಆಟಗಾರನಿಗೆ ಕ್ವಾಡ್ ಬಲ ಕಿಲೋ ಮೈತೂಕಕ್ಕೆ 3 ನ್ಯೂಟನ್-ಮೀಟರ್. ಒಂದು ಮಂಡಿ ಹೋದವನಿಗೆ ಇನ್ನೊಂದು ಮಂಡಿಯ ಅಪಾಯವೂ ಕಡಿಮೆ ಏನಲ್ಲ. ರಿಹ್ಯಾಬ್ ಪಟ್ಟಿಯಲ್ಲಿ ಬರೀ ಆಪರೇಷನ್ ಆದ ಕಾಲಿನ ವ್ಯಾಯಾಮ ಇದ್ದರೆ ಆ ಫಿಸಿಯೋನ ಬದಲಾಯಿಸಿ.

ಫುಟ್ಸ್‌ಕ್ರೇ_ಫುಲ್‌ಬ್ಯಾಕ್:

ಇಬ್ಬರಿಗೂ ಥ್ಯಾಂಕ್ಸ್. ಒಂದು ಉಪಪ್ರಶ್ನೆ. ಇದೇ ಸ್ವಾನ್ಸ್‌ನ ನಿಕ್ ಮಾಲ್ಸೆಸ್ಕಿ 2008ರಲ್ಲಿ ಲಾರ್ಸ್ ಅನ್ನೋ ಕೃತಕ ಲಿಗಮೆಂಟ್ ಹಾಕಿಸಿಕೊಂಡು ಸುಮಾರು 3 ತಿಂಗಳಿಗೇ ಆಡಿದ. 2012ರ ಗ್ರ್ಯಾಂಡ್ ಫೈನಲಲ್ಲಿ ಕೊನೇ ಗೋಲ್ ಅವನದೇ, 2014ರಲ್ಲಿ ಆಲ್-ಆಸ್ಟ್ರೇಲಿಯನ್ (ವರ್ಷದ ಶ್ರೇಷ್ಠ ತಂಡದಲ್ಲಿ ಜಾಗ) ಬೇರೆ. ಎಲ್ಲರೂ ಅದನ್ನೇ ಯಾಕೆ ಹಾಕಿಸ್ಕೊಳ್ಳಲ್ಲ?

ಚಿಪ್ಪು_ಮತ್ತು_ಚಕ್ಕಳ:

ಮಾಲ್ಸೆಸ್ಕಿಯನ್ನು ನೋಡಿ ಆಗ ಎಲ್ಲರೂ ಕೇಳಿದ್ದೂ ಅದನ್ನೇ. ಲಾರ್ಸ್ ಅಂದರೆ ಪಾಲಿಯೆಸ್ಟರ್ ನೂಲಿನ ಹಗ್ಗ. ಮೊದಲ ದಿನವೇ ಪೂರ್ತಿ ಗಟ್ಟಿ, ಅದಕ್ಕೇ ಅಷ್ಟು ಬೇಗ ಆಟ. ಆದರೆ ಹಗ್ಗ ತಾನಾಗಿ ರಿಪೇರಿ ಆಗಲ್ಲ. ಮೂಳೆಯ ಅಂಚಿಗೆ ಉಜ್ಜಿ ಉಜ್ಜಿ ಎಳೆ ಕಿತ್ತರೆ ಆ ನೂಲಿನ ಪುಡಿ ಮಂಡಿಯೊಳಗೆ ಉದುರುತ್ತೆ, ಒಳಪೊರೆ ಕೆರಳಿ ಊತ ನಿಲ್ಲೋದೇ ಇಲ್ಲ. ಅದನ್ನೆಲ್ಲ ಹೆಕ್ಕಿ ತೆಗೆಯೋದು ಸರ್ಜನ್‌ಗೆ ನರಕ. ಹಾಕಿಸಿಕೊಂಡ ಇಬ್ಬರು ಮೂವರು ಹೆಸರುವಾಸಿಗಳು ಮೆರೆದದ್ದು ಪೇಪರಲ್ಲಿ ಬಂತು, ಮಿಕ್ಕವರದ್ದು ಬರಲಿಲ್ಲ. 20ರ ಹುಡುಗನಿಗೆ ಬೇಡ.

ಪದೇ ಪದೇ ಮಂಡಿ ಹೋಗಿಯೂ ವಾಪಸಾದವನ ಉದಾಹರಣೆ ಬೇಕಿದ್ದರೆ ಜೀಲಾಂಗ್‌ನ ಡ್ಯಾನಿಯೆಲ್ ಮೆನ್ಜೆಲ್ ಇದ್ದಾನೆ. 2011ರ ಫೈನಲ್ಸ್‌ನಲ್ಲಿ ಮೊದಲ ಗಾಯ, ಎರಡೂ ಮಂಡಿ ಸೇರಿ 4 ರೀಕನ್‌ಸ್ಟ್ರಕ್ಷನ್, 2015ರಲ್ಲಿ ವಾಪಸ್, ಆಮೇಲೆ 2018ರವರೆಗೆ ಜೀಲಾಂಗ್‌ಗೆ ಗೋಲ್ ಹೊಡೀತಾನೇ ಇದ್ದ. ಜಾನ್ಸನ್ ಒಬ್ಬನನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ.

ಮುಳಬಾಗಿಲು_ರೈಡರ್:

ಇದೆಲ್ಲ ಕಬಡ್ಡಿಗೂ ಅಕ್ಷರಶಃ ಅನ್ವಯ. ಕಾಲು ಮ್ಯಾಟಿಗೆ ಕಚ್ಚಿಕೊಂಡಿರುವಾಗ ಆ್ಯಂಕಲ್ ಹೋಲ್ಡ್ ಬಿದ್ದು ಮೈ ತಿರುಗಿದರೆ ಅದೇ ಎಸಿಎಲ್.

ಎರಡನೇ ಆಪರೇಷನ್ನಿಗೆ ಹೋಗುವವರು ಮೊದಲನೆಯದರ ಆಪರೇಷನ್ ನೋಟ್ಸ್ ತಪ್ಪದೆ ತಗೊಂಡು ಹೋಗಿ. ಡಿಸ್ಚಾರ್ಜ್ ಸಮರಿ ಸಾಲದು, ಅದರಲ್ಲಿ "ಎಸಿಎಲ್ ಮಾಡಲಾಗಿದೆ" ಅಂತ ಒಂದೇ ಸಾಲು ಇರುತ್ತೆ. ಗ್ರಾಫ್ಟ್ ಎಲ್ಲಿಂದ, ಎಷ್ಟು ಮಿಮೀ, ಸ್ಕ್ರೂ ಯಾವ ಕಂಪನಿದು, ಅಳತೆ ಎಷ್ಟು, ಲೋಹದ್ದೋ ಕರಗೋದೋ, ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹೊಲಿದರೋ ಕತ್ತರಿಸಿದರೋ, ಇಷ್ಟು ಬೇಕು. ಸ್ಕ್ರೂ ತಲೆಗೆ ಹೊಂದೋ ಡ್ರೈವರ್ ಕಂಪನಿಯಿಂದ ಕಂಪನಿಗೆ ಬೇರೆ. ಗೊತ್ತಿಲ್ಲದೆ ಒಳಗೆ ಹೋದರೆ ಸ್ಕ್ರೂ ತಲೆ ಸವೆದು, ಸುತ್ತಲಿನ ಮೂಳೆ ಕೊರೆದು ತೆಗೀಬೇಕಾಗುತ್ತೆ. ಮೇಲೆ ಹೇಳಿದ ರಂಧ್ರ ಅಲ್ಲೇ ಇನ್ನಷ್ಟು ಅಗಲ ಆಗೋದು. ಇಂಪ್ಲಾಂಟ್‌ನ ಸ್ಟಿಕರ್ ಕೇಸ್ ಶೀಟಿಗೆ ಅಂಟಿಸಿರ್ತಾರೆ, ಅದರ ಫೋಟೋ ಕೇಳಿ ತಗೊಳ್ಳಿ.