ಪುಸ್ತಕದ ಮುಖಪುಟ, ಸಿನಿಮಾ ಪೋಸ್ಟರ್ ಮಾಡುವವರು ದಯವಿಟ್ಟು ಅನುಭವ ಹಂಚಿಕೊಳ್ಳಿ

ಪ್ರಶ್ನೆ

ಲಗ್ನಪತ್ರಿಕೆ, ಅಂಗಡಿ ಬೋರ್ಡು, ಕಾಲೇಜು ಬ್ರೋಷರ್ ಮಾಡುತ್ತೇನೆ. ಈಗ ಒಂದು ಕಥಾಸಂಕಲನದ ಮುಖಪುಟ (ಡೆಮಿ 1/8, 192 ಪುಟ) ಮತ್ತು ಹೊಸಬರ ಸಿನಿಮಾವೊಂದರ ಫಸ್ಟ್ ಲುಕ್ ಪೋಸ್ಟರ್ ಒಟ್ಟಿಗೆ ಬಂದಿವೆ. ಫೋಟೊಶಾಪ್ ಚೆನ್ನಾಗಿ ಗೊತ್ತು. ಕನ್ನಡ ಶೀರ್ಷಿಕೆಯನ್ನು ಹೇಗೆ ಮಾಡಬೇಕು, ಪ್ರೆಸ್‌ಗೆ ಫೈಲ್ ಹೇಗೆ ಕೊಡಬೇಕು, ಮೊದಲೇ ಏನೇನು ಕೇಳಿಕೊಳ್ಳಬೇಕು?

ಮುಖಪುಟ ವಿನ್ಯಾಸಕಿ, ಧಾರವಾಡ

ಚಿತ್ರ ಹುಡುಕುವ ಮೊದಲು ಶೀರ್ಷಿಕೆಯನ್ನು ಪೆನ್ಸಿಲ್‌ನಲ್ಲಿ ಹಲವು ಬಗೆಯಲ್ಲಿ ಬರೆದು ನೋಡಿ. ಕನ್ನಡ ಮುಖಪುಟ ನಿಲ್ಲುವುದೂ ಬೀಳುವುದೂ ಅಕ್ಷರದ ಮೇಲೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ದೀರ್ಘ, ಅರ್ಕಾವತ್ತು ಎಂದು ನಮ್ಮ ಅಕ್ಷರ ಎಲ್ಲ ಕಡೆಗೂ ಚಾಚುತ್ತದೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಸಾಲಿನ ಅಂತರವನ್ನು ಅಕ್ಷರದ ಅಳತೆಯ ಶೇ 130ರಿಂದ 140ರಷ್ಟು ಇಟ್ಟು ಶುರು ಮಾಡಿ. ಒತ್ತು ಇಲ್ಲದ ಕಡೆ ಮಾತ್ರ ಕೈಯಾರೆ ಹತ್ತಿರ ತನ್ನಿ. ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಅನ್ನು ಮೈನಸ್‌ಗೆ ಇಳಿಸಬೇಡಿ, ಒತ್ತು ಹೋಗಿ ಪಕ್ಕದ ಅಕ್ಷರದ ಒತ್ತಿಗೆ ಅಂಟಿಕೊಳ್ಳುತ್ತದೆ.

ಬಿರುಕು, ಸವೆದ ಬಣ್ಣ, ಒಣ ಬ್ರಶ್ಶಿನ ಟೆಕ್ಸ್ಚರ್ ಹಾಕುವಾಗ ಜೋಪಾನ. ಭ, ಧ, ಥಗಳ ಕೆಳಗಿನ ಸೀಳು ಮುಚ್ಚಿಹೋದರೆ ‘ಧನ’ ಹೋಗಿ ‘ದನ’ ಆಗುತ್ತದೆ. ಷದ ಹೊಟ್ಟೆಯ ಗೆರೆ ಅಳಿಸಿದರೆ ಪ ಉಳಿಯುತ್ತದೆ. ಮ ಮತ್ತು ಯ ಕೂಡ ಕಲೆಸಿಕೊಳ್ಳುತ್ತವೆ. ಟೆಕ್ಸ್ಚರ್ ಹಾಕಿದ ಮೇಲೆ ಮಾಸ್ಕ್‌ನಿಂದ ಆ ಜಾಗಗಳನ್ನಷ್ಟೇ ಶುದ್ಧ ಮಾಡಿ. ಆಮೇಲೆ ಮುಖಪುಟವನ್ನು 150 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಶೀರ್ಷಿಕೆ ಗೊತ್ತಿಲ್ಲದ ಒಬ್ಬರ ಕೈಯಲ್ಲಿ ಓದಿಸಿ. ಆನ್‌ಲೈನ್ ಪುಸ್ತಕದಂಗಡಿಗಳಲ್ಲಿ ಓದುಗರು ಮೊದಲು ನೋಡುವುದು ಸುಮಾರು ಅಷ್ಟೇ ಗಾತ್ರದಲ್ಲಿ.

ಫೋಟೊಶಾಪ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ತಪ್ಪು ಫಾಂಟಿನದಲ್ಲ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್’ ಆರಿಸಿ, ನಂತರ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಹಾಕಿ. ಇನ್‌ಡಿಸೈನ್‌ನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಬೇಕು.

ಬೆನ್ನುಡಿ ಸಾಮಾನ್ಯವಾಗಿ ನುಡಿ ಅಥವಾ ಬರಹದ ಹಳೆಯ ಆಸ್ಕಿ (ಯುನಿಕೋಡ್‌ಗೂ ಮುಂಚಿನ ಅಕ್ಷರ ಸಂಕೇತ) ಫೈಲ್ ಆಗಿ ಬರುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ‘ಫಿಲ್ಮ್‌ಗಳು’, ‘ಬಸ್‌ನಲ್ಲಿ’ ತರಹದ ಪದಗಳನ್ನೂ ಒಂದೊಂದಾಗಿ ನೋಡಿ. ನಡುವಿನ ಕಾಣದ ಬೇರ್ಪಡಿಕೆ ಅಕ್ಷರ ಬಿದ್ದುಹೋದರೆ ‘ಬಸ್ನಲ್ಲಿ’ ಎಂದು ಒತ್ತು ಕೂತುಬಿಡುತ್ತದೆ. ಕೊನೆಯ ಪ್ರೂಫನ್ನು ಲೇಖಕರಿಗೆ ಪಿಡಿಎಫ್ ಆಗಿಯೇ ಕಳಿಸಿ, ವರ್ಡ್ ಫೈಲ್ ಬೇಡ.

ಆಫ್‌ಸೆಟ್ ಪ್ರೆಸ್‌ನವರು, ಬೆಂಗಳೂರು

ಮೇಡಂ ಹೇಳಿದ್ದು ಸರಿ. ಒಂದೇ ಮಾತು ಸೇರಿಸುತ್ತೇನೆ: ಫೋಟೊಶಾಪ್‌ನಲ್ಲಿ ಚಿತ್ರ ಮಾತ್ರ ಮಾಡಿ, ಅಕ್ಷರವನ್ನು ಇನ್‌ಡಿಸೈನ್, ಇಲ್ಲಸ್ಟ್ರೇಟರ್ ಅಥವಾ ಕೋರೆಲ್‌ನಲ್ಲಿ ಕೂರಿಸಿ. ಜೆಪಿಜಿಯಲ್ಲಿ ಬಂದ ಸಣ್ಣ ಬೆನ್ನುಡಿಯ ಅಂಚು ಪ್ಲೇಟಿನಲ್ಲಿ ಒಡೆದು ಕಾಣುತ್ತದೆ.

ಅಳತೆ ಹೀಗೆ. ಡೆಮಿ 1/8 ಎಂದರೆ 5.5 x 8.5 ಇಂಚು, ಅಂದರೆ 140 x 216 ಮಿ.ಮೀ. 192 ಪುಟಕ್ಕೆ 96 ಹಾಳೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕದ) ಮ್ಯಾಪ್‌ಲಿತೋ ಹಾಳೆಯ ದಪ್ಪ ಸುಮಾರು 0.09 ಮಿ.ಮೀ., ಹಾಗಾಗಿ ಬೆನ್ನು (ಪುಸ್ತಕದ ದಪ್ಪದ ಬದಿ) 8.6 ಮಿ.ಮೀ. ಆಸುಪಾಸು, 9 ಹಿಡಿಯಿರಿ. ಹಿಂಬದಿ 140, ಬೆನ್ನು 9, ಮುಂಬದಿ 140, ಎರಡೂ ಕಡೆ ಬ್ಲೀಡ್ (ಕತ್ತರಿಸಿಹೋಗುವ ಹೆಚ್ಚುವರಿ ಅಂಚು) 3: ಒಟ್ಟು ಅಗಲ 295, ಎತ್ತರ 222 ಮಿ.ಮೀ. ಈ 0.09 ಅನ್ನು ನಂಬಿ ಕೂರಬೇಡಿ. ಅದೇ ಜಿಎಸ್‌ಎಂ ಇದ್ದರೂ ಮಿಲ್ ಬದಲಾದರೆ ದಪ್ಪ ಬದಲಾಗುತ್ತದೆ. ಅಚ್ಚಿಗೆ ಬಳಸುವ ಕಾಗದದ 100 ಹಾಳೆ ಒತ್ತಿ ಹಿಡಿದು ಅಳೆದು ಹೇಳಿ ಎಂದು ಪ್ರೆಸ್‌ನವರನ್ನು ಕೇಳಿ. ಪುಟಸಂಖ್ಯೆ ಖಚಿತವಾಗುವ ತನಕ ಬೆನ್ನು ಅಂತಿಮ ಮಾಡಬಾರದು. ಮುನ್ನುಡಿ ತಡವಾಗಿ ಬಂದು 16 ಪುಟದ ಒಂದು ಫಾರಂ ಹೆಚ್ಚಾಗುವುದು ಮಾಮೂಲಿ.

ಬೈಂಡಿಂಗ್‌ನಲ್ಲಿ 1 ಮಿ.ಮೀ.ನಷ್ಟು ಆಚೀಚೆ ಆಗಿಯೇ ಆಗುತ್ತದೆ. ಬೆನ್ನಿಗೆ ಬೇರೆ ಬಣ್ಣ ಕೊಟ್ಟು ಮಡಿಕೆಗೆ ಸರಿಯಾಗಿ ಗೆರೆ ಹೊಂದಿಸಿದರೆ ಆ ಬಣ್ಣ ಮುಂಬದಿಗೆ ಇಣುಕುತ್ತದೆ. ಮುಂಬದಿಯ ಬಣ್ಣವನ್ನೇ ಬೆನ್ನಿಗೂ ಹರಿಸುವುದು ಕ್ಷೇಮ. ಬೆನ್ನು 6 ಮಿ.ಮೀ.ಗಿಂತ ಕಡಿಮೆ ಇದ್ದರೆ ಅಲ್ಲಿ ಹೆಸರು ಬೇಡ.

ಬಣ್ಣ (ಸಿ, ಎಂ, ವೈ, ಕೆ ಎಂದರೆ ಅಚ್ಚಿನ ನಾಲ್ಕು ಶಾಯಿ: ಸಯಾನ್ ನೀಲಿ, ಮಜೆಂಟಾ, ಹಳದಿ, ಕಪ್ಪು; ಅಂಕಿ ಶೇಕಡಾವಾರು): ದೊಡ್ಡ ಕಪ್ಪು ಜಾಗಕ್ಕೆ ಬರೀ ಕೆ 100 ಬಳಿದರೆ ಬೂದಿ ಹೊಡೆಯುತ್ತದೆ. ಸಿ 60, ಎಂ 40, ವೈ 40, ಕೆ 100 ಕೊಡಿ. ಸಣ್ಣ ಅಕ್ಷರಕ್ಕೆ ಮಾತ್ರ ಕೆ 100 ಒಂದೇ ಇರಲಿ. ನಾಲ್ಕು ಬಣ್ಣದಲ್ಲಿ ಕೊಟ್ಟರೆ ರಿಜಿಸ್ಟ್ರೇಷನ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು) ಕೂದಲೆಳೆ ತಪ್ಪಿದರೂ ನೆರಳು ಕಾಣುತ್ತದೆ. ನೀಲಿಯಲ್ಲಿ ಎಂ, ಸಿಗೆ ಹತ್ತಿರ ಬಂದರೆ ನೇರಳೆಯಾಗುತ್ತದೆ; ಎಂ ಅನ್ನು ಸಿಗಿಂತ ಕನಿಷ್ಠ 30 ಕಡಿಮೆ ಇಡಿ. ಪರದೆಯ ಗಿಳಿಹಸಿರು, ನಿಯಾನ್ ಗುಲಾಬಿ ನಾಲ್ಕು ಬಣ್ಣದಲ್ಲಿ ಬರುವುದೇ ಇಲ್ಲ, ಆಸೆ ಇಟ್ಟುಕೊಳ್ಳಬೇಡಿ. ಕಡುಬಣ್ಣದ ಮೇಲೆ ಮ್ಯಾಟ್ ಲ್ಯಾಮಿನೇಷನ್ ಚೆಂದ, ಆದರೆ ಬಣ್ಣ ಸ್ವಲ್ಪ ಮಂಕಾಗುತ್ತದೆ, ಗೀರು ಬೇಗ ಕಾಣುತ್ತದೆ. 300 ಜಿಎಸ್‌ಎಂ ಆರ್ಟ್ ಕಾರ್ಡ್ ಆದರೆ ಮಡಿಕೆಗೆ ಕ್ರೀಸಿಂಗ್ (ಮಡಿಚುವ ಮೊದಲು ಒತ್ತುವ ಗೆರೆ) ಮಾಡಿಸಿ, ಇಲ್ಲವಾದರೆ ಬೆನ್ನಂಚಿನಲ್ಲಿ ಬಿಳಿ ಬಿರುಕು ಏಳುತ್ತದೆ.

ಬಾರ್‌ಕೋಡ್ ಪೂರ್ಣ ಅಳತೆ 37.29 x 25.93 ಮಿ.ಮೀ. ಶೇ 80ಕ್ಕಿಂತ ಕುಗ್ಗಿಸಬೇಡಿ, ಸುತ್ತಲಿನ ಬಿಳಿ ಜಾಗ ಕತ್ತರಿಸಬೇಡಿ. ಕೆಂಪು ಗೆರೆ ಬೇಡವೇ ಬೇಡ, ಕೆಂಪು ಬೆಳಕಿನ ಸ್ಕ್ಯಾನರ್‌ಗೆ ಅದು ಬಿಳಿಯಂತೆಯೇ ಕಾಣುತ್ತದೆ.

ಸಿನಿಮಾ ಪಬ್ಲಿಸಿಟಿ ಡಿಸೈನರ್

ಪೋಸ್ಟರ್ ಬಗ್ಗೆ ನಾನು ಹೇಳುತ್ತೇನೆ. ಮೊದಲು ಕೇಳಬೇಕಾದ್ದು: ಶೀರ್ಷಿಕೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಣಿ ಆಗಿದೆಯೇ? ಆಗದಿದ್ದರೆ ಹೆಸರೇ ಬದಲಾಗಿ ಅಕ್ಷರವಿನ್ಯಾಸದ ಕೆಲಸ ಪೂರ್ತಿ ನೀರುಪಾಲು.

ಎರಡನೆಯದು ಫೋಟೊ. ಸಿನಿಮಾದ ಫ್ರೇಮ್ ಕಿತ್ತು ಪೋಸ್ಟರ್ ಮಾಡಿ ಎನ್ನುತ್ತಾರೆ. 30 x 40 ಇಂಚಿನ ಗೋಡೆ ಪೋಸ್ಟರ್‌ಗೆ 150 ಡಿಪಿಐ (ಇಂಚಿಗೆ 150 ಚುಕ್ಕಿ) ಹಿಡಿದರೂ 4500 x 6000 ಪಿಕ್ಸೆಲ್ ಬೇಕು. 4ಕೆ ಫ್ರೇಮ್‌ನಲ್ಲಿರುವುದು 3840 x 2160, ಅದೂ ಅಡ್ಡಡ್ಡ. ಮೇಲೆ ಚಲನೆಯ ಮಸುಕು ಬೇರೆ. ಅರ್ಧ ದಿನವಾದರೂ ಪೋಸ್ಟರ್‌ಗೆಂದೇ ಫೋಟೊಶೂಟ್ ಕೇಳಿ. ಕಲಾವಿದರು ಬೇರೆ ಬೇರೆ ದಿನ ಬಂದರೂ ಮುಖ್ಯ ಬೆಳಕು ಒಂದೇ ದಿಕ್ಕಿನಿಂದ, ಕ್ಯಾಮೆರಾ ಒಂದೇ ಎತ್ತರದಲ್ಲಿ, ಲೆನ್ಸ್ ಒಂದೇ ಇರಲಿ. ಕಟ್ ಮಾಡಿ ಜೋಡಿಸಿದ ಪೋಸ್ಟರ್ ಅಸಹಜ ಅನ್ನಿಸುವುದು ಬಹುಪಾಲು ಈ ಮೂರರಿಂದ.

ಟೈಟಲ್ ವೆಕ್ಟರ್‌ನಲ್ಲೇ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆರೂಪದಲ್ಲಿ) ಇರಬೇಕು. ಕಾಗದದ ಮೇಲೆ ಬರೆದು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪೆನ್ ಟೂಲ್‌ನಿಂದ ಎಳೆಯಿರಿ. ಚಿನ್ನ, ಬೆಂಕಿ, ತ್ರೀಡಿ ಎಲ್ಲ ಆಮೇಲೆ. ಒಂದೇ ಬಣ್ಣದಲ್ಲಿ ಮೊದಲು ಒಪ್ಪಿಗೆ ಪಡೆಯಿರಿ. ಮೋಷನ್ ಪೋಸ್ಟರ್, ಟೀಸರ್, ಪತ್ರಿಕೆ ಜಾಹೀರಾತು ಎಲ್ಲದಕ್ಕೂ ಅದೇ ಹೋಗುತ್ತದೆ.

ಕೆಳಗಿನ ಹೆಸರುಗಳ ಸಾಲಿಗೆ ಇಂಗ್ಲಿಷ್ ಪೋಸ್ಟರ್ ನೋಡಿ ಕನ್ನಡ ಅಕ್ಷರವನ್ನು ಶೇ 60ಕ್ಕೆ ಹಿಂಡುವುದು ತುಂಬ ನಡೆಯುತ್ತಿದೆ. ನಿಂತ ಗೆರೆ ತೆಳುವಾಗಿ, ತಲೆಕಟ್ಟು ದಪ್ಪ ಉಳಿದು ಅಕ್ಷರ ವಿಕಾರವಾಗುತ್ತದೆ. ಅನೇಕ್ ಕನ್ನಡ ಫಾಂಟ್‌ನಲ್ಲಿ ಕಿರಿದಾದ ಅಗಲಗಳನ್ನೇ ಪ್ರತ್ಯೇಕವಾಗಿ ವಿನ್ಯಾಸ ಮಾಡಿದ್ದಾರೆ; ಅದನ್ನು ಬಳಸಿ. ಮುಕ್ತ ಪರವಾನಗಿಯದು, ವಾಣಿಜ್ಯ ಕೆಲಸಕ್ಕೂ ಆಗುತ್ತದೆ. ಯಾರ ಹೆಸರು ಮೊದಲು, ಯಾರದು ಎಷ್ಟು ದೊಡ್ಡದು ಎಂಬುದನ್ನು ನಿರ್ಮಾಪಕರಿಂದ ಬರಹದಲ್ಲೇ ತೆಗೆದುಕೊಳ್ಳಿ.

ನಾಯಕ ಸಿಗರೇಟು ಹಿಡಿದ ಚಿತ್ರ ಕೊಟ್ಟರೆ ಬೇಡ ಎನ್ನಿ. ಸಿನಿಮಾದೊಳಗೆ ಎಚ್ಚರಿಕೆಯೊಂದಿಗೆ ತೋರಿಸಬಹುದು, ಪ್ರಚಾರ ಸಾಮಗ್ರಿಯಲ್ಲಿ ತಂಬಾಕು ಕಾಯ್ದೆಯ ನಿಯಮಗಳು ಬಿಡುವುದಿಲ್ಲ. ಸೆನ್ಸಾರ್ ಆದ ಮೇಲಿನ ಪೋಸ್ಟರ್‌ಗಳಲ್ಲಿ ಪ್ರಮಾಣಪತ್ರದ ವರ್ಗ ಹಾಕಬೇಕು. ಈಗ ಯು/ಎ ಒಂದೇ ಇಲ್ಲ, 7+, 13+, 16+ ಎಂದು ಮೂರಾಗಿದೆ. ಅದಕ್ಕೆ ಮೂಲೆಯಲ್ಲಿ ಈಗಲೇ ಜಾಗ ಬಿಡಿ.

ಹೋರ್ಡಿಂಗ್ ಪ್ರಿಂಟ್ ಮಾಡುವವರು

40 x 20 ಅಡಿಗೆ 300 ಡಿಪಿಐ ಫೈಲ್ ತರುತ್ತಾರೆ, ಕಂಪ್ಯೂಟರ್ ತೆರೆಯುವುದೇ ಇಲ್ಲ. ಹತ್ತನೇ ಒಂದು ಅಳತೆಯಲ್ಲಿ, ಅಂದರೆ 48 x 24 ಇಂಚಿನಲ್ಲಿ 300 ಡಿಪಿಐ ಮಾಡಿ. ಪೂರ್ಣ ಗಾತ್ರಕ್ಕೆ 30 ಡಿಪಿಐ ಆಗುತ್ತದೆ, ರಸ್ತೆಯಿಂದ ನೋಡಲು ಸಾಕು. 2016ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಿದೆ, ಬಟ್ಟೆಯ ಮೇಲೆ ಮುದ್ರಿಸುವುದಾದರೆ ಶಾಯಿ ಹರಡುತ್ತದೆ. ತೆಳು ಗೆರೆಯ ಅಕ್ಷರ, ಸಣ್ಣ ಹೊರಗೆರೆ ಅದಕ್ಕೆ ಬೇಡ.

ಟಿವಿ ಪ್ರೋಮೊ ಗ್ರಾಫಿಕ್ಸ್

ಮುಂದೆ ಧಾರಾವಾಹಿ ಕೆಲಸ ಬಂದರೆ ನೆನಪಿರಲಿ: ಅಕ್ಷರ ಚೌಕಟ್ಟಿನ ನಡುವಿನ ಶೇ 90ರೊಳಗೆ ಇರಬೇಕು, ವಾಹಿನಿಯ ಲೋಗೊ ಬರುವ ಮೂಲೆ ಖಾಲಿ. ವಾರ, ಗಂಟೆ ಬರೆದ ಪಟ್ಟಿ ಪ್ರತ್ಯೇಕ ಲೇಯರ್‌ನಲ್ಲಿರಲಿ, ಪ್ರಸಾರದ ಸಮಯ ಕೊನೇ ಗಳಿಗೆಯಲ್ಲಿ ಬದಲಾಗುತ್ತದೆ.

ಮುಖಪುಟ ವಿನ್ಯಾಸಕಿ, ಧಾರವಾಡ

ಹಕ್ಕಿನ ಬಗ್ಗೆ ಯಾರೂ ಬರೆಯಲಿಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ, ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದ ಮರುಮುದ್ರಣ, ಇ-ಪುಸ್ತಕ, ಅನುವಾದಕ್ಕೂ ಇದೇ ಮುಖಪುಟವೇ ಎಂದು ಪ್ರಕಾಶಕರನ್ನು ಮೊದಲೇ ಕೇಳಿ, ಎಷ್ಟು ಸಲ ತಿದ್ದುಪಡಿ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಸ್ಟಾಕ್ ಫೋಟೊ ಕೊಳ್ಳುವುದಾದರೆ ‘ಎಡಿಟೋರಿಯಲ್’ ಎಂದಿರುವುದನ್ನು ಮುಖಪುಟಕ್ಕೂ ಪೋಸ್ಟರ್‌ಗೂ ಬಳಸುವಂತಿಲ್ಲ.